ತಂದವರು: ಸ್ವತಃ

ನಮ್ಮ ಮದುವೆ ಬ್ಯೂರೋಗೆ ಬರುತ್ತಿದ್ದವರು ಕಂಪ್ಯೂಟರಿಗೆ ಕೈ ಮುಗಿಯುತ್ತಿದ್ದರು. ಸುಳ್ಳಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ಬೆಂಚಿನ ತುದಿಯಲ್ಲಿ ಕೂತು, ಪ್ರಿಂಟರು ಕಿರ್ರೆಂದು ಕೂಗಲು ಶುರು ಮಾಡಿದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಬ್ಯೂರೋದ ಯಜಮಾನರು ವೃಷಭೇಂದ್ರಪ್ಪನವರು ಪ್ರತಿ ಸೋಮವಾರ ಮಾನಿಟರಿನ ಹಣೆಗೆ ವಿಭೂತಿ ಎಳೆಯುತ್ತಿದ್ದರಿಂದ ಜನರ ಭಕ್ತಿ ಇನ್ನಷ್ಟು ಹೆಚ್ಚಿತ್ತು. ಅದರ ಹೊಟ್ಟೆಯಲ್ಲಿ ಇದ್ದದ್ದು ನಾನು ದಿನವಿಡೀ ಬೆರಳು ಸವೆಸಿ ತುಂಬಿದ ಹೆಸರು, ಊರು, ವಯಸ್ಸು, ಓದು, ಜಮೀನು. ಹಾಗೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಚಾಮರಾಜನಗರ ಜಿಲ್ಲೆಯಾಗಿ ಆಗಷ್ಟೇ ಒಂದು ವರ್ಷವಾಗಿತ್ತು. ಊರಿನಲ್ಲಿ ದಿನಕ್ಕೊಂದು ಹೊಸ ಬೋರ್ಡು ಏಳುತ್ತಿದ್ದ ಕಾಲ. ವೃಷಭೇಂದ್ರಪ್ಪನವರು ತಮ್ಮ ಅರಿಸಿನ ಮಂಡಿಯ ಮಹಡಿಯ ಮೇಲೆ ‘ಕಂಪ್ಯೂಟರ್ ಮೂಲಕ ವಧೂವರರ ಮಾಹಿತಿ ಕೇಂದ್ರ’ ಎಂದು ಬೋರ್ಡು ಹಾಕಿದರು. ಅದು ಅವರ ಜನಾಂಗದವರಿಗೆ ಮಾತ್ರ. ನಾನು ಶಿವರಂಜಿನಿ, ಬದನಗುಪ್ಪೆಯವಳು, ಬಿ.ಕಾಂ. ಮುಗಿಸಿ ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದಿದ್ದೆ. ನಾನು ಅವರ ಜನಾಂಗದವಳಲ್ಲ. ಅದೇ ಆ ಕೆಲಸಕ್ಕೆ ನನಗಿದ್ದ ದೊಡ್ಡ ಅರ್ಹತೆ. ಅವರವರನ್ನೇ ಕೂರಿಸಿದರೆ ಯಾರ ಮಗಳ ಜಾತಕ ಎಷ್ಟು ಕಡೆ ತಿರುಗಿ ವಾಪಸ್ಸು ಬಂತು ಎಂಬುದು ಸಂಜೆಯೊಳಗೆ ಊರೆಲ್ಲ ಗೊತ್ತಾಗುತ್ತದೆ, ನೀನಾದರೆ ಯಾರಿಗೆ ಹೇಳ್ತೀಯ ಎಂದು ಅವರು ಮೊದಲ ದಿನವೇ ನನ್ನ ಮುಖಕ್ಕೆ ಹೇಳಿದ್ದರು. ನನಗೆ ಉರಿದುಹೋಗಿತ್ತು. ಆದರೂ ಮಾತು ನಿಜವಾಗಿತ್ತು, ಕೆಲಸವೂ ಬೇಕಿತ್ತು.

ಕಂಪ್ಯೂಟರು ತಾನಾಗಿ ಬಾಯಿ ಬಿಡುವುದಿಲ್ಲ, ಏನು ಕೇಳಿದರೆ ಅದಕ್ಕಷ್ಟೇ ಉತ್ತರ. ಕೇಳುವುದು ಏನು ಎಂಬುದನ್ನು ಯಜಮಾನರು ನನಗೆ ಬಾಯಿಪಾಠ ಮಾಡಿಸಿದ್ದರು. ಗಂಡಿನ ಕಡೆಯವರು ಬಂದರೆ ಅವರು ಕೇಳಿದ್ದೆಲ್ಲವನ್ನೂ ಹಾಕಬೇಕು, ಬಣ್ಣ, ಎತ್ತರ, ಓದು, ಬೆಡಗು ಎಂದು ಅವರು ಕರೆಯುವ ಕುಲ, ಏನೇನಿದೆಯೋ ಅದೆಲ್ಲ. ಹೆಣ್ಣಿನ ಕಡೆಯವರಾದರೆ ಬೆಡಗು, ವಯಸ್ಸು ಸಾಕು. ಗಂಡ ಸತ್ತವರು, ಬಿಟ್ಟವರು ಬಂದರೆ ‘ಎರಡನೇ ಸಂಬಂಧ’ ಎಂಬ ಕೋಡು ಒತ್ತಿ, ನಲವತ್ತೈದರ ಮೇಲಿನ ಗಂಡಸರನ್ನು ತೋರಿಸಬೇಕು. ಬಂದ ಹೆಸರುಗಳಲ್ಲಿ ಯಾವುದನ್ನು ಪ್ರಿಂಟು ತೆಗೆಯಬೇಕೆಂದು ಅವರೇ ಹೇಳುತ್ತಿದ್ದರು. ಕಾಗದ ಹರಿದು ಅರಿಸಿನ ಕುಂಕುಮ ಹಚ್ಚಿ ಕೊಡುವಾಗ ಮಾತ್ರ, ‘ಇದರಲ್ಲಿ ನನ್ನದೇನೂ ಇಲ್ಲ, ಕಂಪ್ಯೂಟರ್ ಆರಿಸಿದ್ದು’ ಎನ್ನುತ್ತಿದ್ದರು.

ಮಂಗಳಗೌರಿ ಬಂದದ್ದು ಅವಳ ಅಣ್ಣ ಚನ್ನಬಸಪ್ಪನ ಜೊತೆ. ಹರದನಹಳ್ಳಿಯಲ್ಲಿ ಅಂಗನವಾಡಿ ಟೀಚರು, ಇನ್ನೂ ಮೂವತ್ತಾಗಿರಲಿಲ್ಲ. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಕಾವ್ಯಶ್ರೀ ಎಂಬ ಐದು ವರ್ಷದ ಮಗಳಿದ್ದಳು. ಅಣ್ಣನ ಮನೆಯಲ್ಲೇ ವಾಸ. ಆ ದಿನ ಅವಳು ಒಂದು ಮಾತೂ ಆಡಲಿಲ್ಲ. ನಾನು ಬಾಯಿಪಾಠದ ಪ್ರಕಾರ ಒತ್ತಿದೆ. ಯಜಮಾನರು ಬೆರಳು ತೋರಿಸಿದರು. ಒಂದೇ ಒಂದು ಹೆಸರು ಪ್ರಿಂಟಾಯಿತು: ಗುರುಮಲ್ಲಯ್ಯ, ಗುಂಡ್ಲುಪೇಟೆ, ಕೇರಳಕ್ಕೆ ತರಕಾರಿ ಕಳಿಸುವ ವ್ಯಾಪಾರ, ಐವತ್ತನಾಲ್ಕು ವರ್ಷ, ಮದುವೆಯಾದ ಇಬ್ಬರು ಗಂಡುಮಕ್ಕಳು. ಸೊಸೆಯರಿಬ್ಬರೂ ಬೇರೆ ಮನೆ ಮಾಡಿಕೊಂಡಿದ್ದಾರೆಂದು ಯಜಮಾನರು ಬಾಯಲ್ಲಿ ಸೇರಿಸಿದರು.

ಚನ್ನಬಸಪ್ಪ ಕಾಗದವನ್ನು ಕಣ್ಣಿಗೊತ್ತಿಕೊಂಡ. “ಕಂಪ್ಯೂಟರೇ ಯೋಳ್ಬುಡ್ತಲ್ಲ ಕಣವ್ವ. ಇರೋದೇ ಒಬ್ರು ಅಂತ. ಇನ್ನೇನು?”

ಅವನು ಕೆಟ್ಟವನಲ್ಲ. ತಂಗಿ ಒಂಟಿಯಾಗಿ ಉಳಿದುಬಿಟ್ಟಾಳೆಂಬ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು. ಮನೆಯಲ್ಲಿ ಹೆಂಡತಿ ಪಾತ್ರೆ ಕುಕ್ಕುವುದೂ ಅಷ್ಟೇ ನಿಜ. ಮುಂದಿನ ತಿಂಗಳ ಮೊದಲ ಸೋಮವಾರ ಎರಡೂ ಕಡೆಯವರು ಬ್ಯೂರೋದಲ್ಲೇ ಕೂತು ಎಲೆ ಅಡಿಕೆ ಬದಲಾಯಿಸಿಕೊಳ್ಳುವುದೆಂದು ತೀರ್ಮಾನವಾಯಿತು.

ಮಾರನೆಯ ದಿನ ಯಜಮಾನರು ಊಟಕ್ಕೆಂದು ಮನೆಗೆ ಹೋಗಿದ್ದ ಹೊತ್ತಿನಲ್ಲಿ ಮಂಗಳಗೌರಿ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಬೆಂಚಿನಲ್ಲಿ ಕೂರಲಿಲ್ಲ. ನೇರವಾಗಿ ನನ್ನ ಕುರ್ಚಿಯ ಪಕ್ಕ ಬಂದು ನಿಂತು ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು.

“ಅಮ್ಮಿ, ನೆನ್ನೆ ನೀನು ಇದ ಏನಂತ ಕೇಳ್ದೆ?”

ಅಷ್ಟು ಜನ ಬಂದು ಹೋಗಿದ್ದರಲ್ಲ, ಕಂಪ್ಯೂಟರು ಏನು ಹೇಳಿತು ಎಂದು ಕೇಳದವರಿರಲಿಲ್ಲ. ನಾನು ಏನು ಕೇಳಿದೆ ಎಂದು ಕೇಳಿದವಳು ಇವಳೊಬ್ಬಳೇ. ನನಗೆ ಅವಳ ಮೇಲೆ ಆ ಕ್ಷಣವೇ ಪ್ರೀತಿ ಬಂದುಬಿಟ್ಟಿತು. ಒತ್ತಿದ್ದನ್ನೆಲ್ಲ ಮತ್ತೆ ಒತ್ತಿ ತೋರಿಸಿದೆ. ಎರಡನೇ ಸಂಬಂಧದ ಕೋಡು, ನಲವತ್ತೈದರ ಮೇಲಿನ ವಯಸ್ಸು, ಎಲ್ಲ.

ಅವಳು ಪರದೆಯನ್ನೇ ನೋಡಿದಳು. “ಎಲ್ಡನೇದು ನಂಗೆ. ಅವ್ನಿಗೂ ಎಲ್ಡನೇದೇ ಆಗಿರ್ಬೇಕು ಅಂತ ಯಾರು ಯೋಳಿದ್ದು? ನಾನಂತೂ ಯೋಳ್ಲಿಲ್ಲ.”

“ಯಜಮಾನ್ರು ಯೋಳವ್ರೆ ಅಕ್ಕ.”

“ಮದ್ವೆ ಆಗೋಳು ನಾನಾ, ಅವ್ರಾ?” ಎಂದು ಕೇಳಿ ಅವಳೇ ನಕ್ಕಳು. “ಆ ಕೋಡು ತಗಿ.”

ತೆಗೆದೆ. ವಯಸ್ಸನ್ನು ನಲವತ್ತರ ಒಳಗೆ ಎಂದು ಬದಲಾಯಿಸಿದೆ. ಹೆಸರುಗಳು ಒಂದರ ಹಿಂದೆ ಒಂದು ಓಡತೊಡಗಿದವು. ಕೀಲಿ ಒತ್ತಿದಷ್ಟೂ ಮುಗಿಯದು. ಸ್ವಲ್ಪ ಹೊತ್ತಿಗೆ ಅವಳಿಗೆ ಕಣ್ಣು ಕತ್ತಲೆ ಬಂದಂತಾಯಿತು. ಇಷ್ಟೊಂದು ಜನರನ್ನು ಕಟ್ಟಿಕೊಂಡು ಏನು ಮಾಡಲಿ, ಒಬ್ಬನನ್ನು ತೋರಿಸಿದರೂ ಒಂದೇ, ಊರೆಲ್ಲ ತೋರಿಸಿದರೂ ಒಂದೇ ಎಂದು ಗೊಣಗಿದಳು.

ಆಗ ನಾನು ಡಿಪ್ಲೊಮಾದಲ್ಲಿ ಕಲಿತು, ಬ್ಯೂರೋದಲ್ಲಿ ಮೂಲೆಗೆ ಹಾಕಿದ್ದ ವಿದ್ಯೆಯನ್ನು ಅವಳಿಗೆ ಬಿಡಿಸಿ ಹೇಳಿದೆ. ಇದೂ ಬೇಕು, ಅದೂ ಬೇಕು ಎಂದರೆ ಆ್ಯಂಡ್. ಇದಾದರೂ ಸೈ, ಅದಾದರೂ ಸೈ ಎಂದರೆ ಆರ್. ಇಂಥದ್ದು ಬೇಡ ಎಂದರೆ ನಾಟ್. ಈ ಮೂರನ್ನು ಹಿಂದು ಮುಂದು ಮಾಡಿ ಜೋಡಿಸಿದರೆ ಎಷ್ಟು ದೊಡ್ಡ ರಾಶಿಯಿಂದಲೂ ನಮಗೆ ಬೇಕಾದ್ದನ್ನು ಹೆಕ್ಕಬಹುದು. ನಾಟ್ ಎಂಬುದನ್ನು ಹೆಣ್ಣಿನ ಕಡೆಯವರಿಗಾಗಿ ಆ ಬ್ಯೂರೋದಲ್ಲಿ ಯಾರೂ ಬಳಸಿದ್ದೇ ಇಲ್ಲ ಎಂದೂ ಹೇಳಿದೆ.

“ಅಂಗಾದ್ರೆ ಬೇಡದ್ರಿಂದ್ಲೇ ಸುರು ಮಾಡನ” ಎಂದು ಮಂಗಳಗೌರಿ ಈಗ ಸ್ಟೂಲು ಎಳೆದುಕೊಂಡು ಕೂತಳು.

ಅರ್ಜಿಯಲ್ಲಿ ‘ನಿರೀಕ್ಷೆ’ ಎಂದೊಂದು ಜಾಗವಿತ್ತು. ಗಂಡಿಗೆ ಎಂಥ ಹೆಣ್ಣು ಬೇಕೆಂದು ಅಲ್ಲಿ ಬರೆಯುತ್ತಿದ್ದರು. ಆ ಬರಹದೊಳಗೆ ಯಾವ ಮಾತಿದೆ ಎಂದು ಹುಡುಕಲು ನಾವು ಬಳಸುತ್ತಿದ್ದ ಫಾಕ್ಸ್‌ಪ್ರೊ ಎಂಬ ಪ್ರೋಗ್ರಾಮಿನಲ್ಲಿ ದಾರಿಯಿತ್ತು. ಬೆಳ್ಳಗಿರಬೇಕು ಎಂದವರನ್ನೆಲ್ಲ ತೆಗೆದೆವು. ರಾಶಿ ಅರ್ಧವಾಯಿತು. ತಗ್ಗಿ ಬಗ್ಗಿ ನಡೆಯುವವಳು ಎಂದು ಬರೆದವರನ್ನು ಅವಳು ಖುಷಿಯಿಂದ ತೆಗೆಸಿದಳು, ಒಂದು ಕೀಲಿ ಒತ್ತಲು ತನಗೂ ಬಿಡು ಎಂದು ಕೇಳಿ ಎಂಟರ್ ಕೀಲಿಯನ್ನು ತಾನೇ ಕುಟ್ಟಿದಳು. ಕೆಲಸ ಬಿಡಬೇಕು ಎಂದವರೂ ಹೋದರು. ಆಮೇಲೂ ಉಳಿದವರು ಬಹಳ ಮಂದಿ, ಓದಿದರೆ ಎಲ್ಲರೂ ಒಂದೇ ಥರ. ಅತ್ತೆಗೆ ಮಂಡಿ ನೋವು, ಸೇವೆ ಮಾಡುವ ಗುಣವಿರಬೇಕು. ಬಂದು ಹೋಗುವವರು ಜಾಸ್ತಿ, ಅಡುಗೆಗೆ ಬೇಸರಿಸಬಾರದು. ಮನೆತನದ ಮರ್ಯಾದೆ ಕಾಪಾಡಬೇಕು.

ಮಂಗಳಗೌರಿ ಓದುತ್ತ ಓದುತ್ತ ನಿಲ್ಲಿಸಿದಳು. “ಇದ ಬರ್ದಿರೋದು ಗಂಡಲ್ಲ ಕಣಮ್ಮಿ. ಅವ್ರಪ್ಪ.”

ಅದು ನಿಜವೇ. ಈ ಕಡೆಯಲ್ಲಿ ಗಂಡಿನ ಅರ್ಜಿಯನ್ನು ಗಂಡೇ ತಂದರೆ ಅವಮಾನ. ಅಪ್ಪನೋ ಸೋದರಮಾವನೋ ದೊಡ್ಡಪ್ಪನೋ ಹೆಗಲ ಮೇಲೆ ಟವಲು ಹಾಕಿಕೊಂಡು ಬಂದು ಬರೆಸಿ ಹೋಗಬೇಕು. ಬ್ಯೂರೋದ ಕಾಗದವನ್ನು ಯಾರ ಹೆಸರಿಗೆ ಹಾಕಬೇಕೆಂದು ತಿಳಿಯಲು ನಾವು ‘ತಂದವರು’ ಎಂಬ ಒಂದು ಕಾಲಂ ಇಟ್ಟುಕೊಂಡಿದ್ದೆವು. ತಂದೆ, ಮಾವ, ಅಣ್ಣ, ಭಾವ. ಅಲ್ಲೊಂದು ಇಲ್ಲೊಂದು ‘ಸ್ವತಃ’ ಎಂದೂ ಇರುತ್ತಿತ್ತು. ಹಾಗೆ ತಾವೇ ತಂದುಕೊಟ್ಟವರನ್ನು ಯಜಮಾನರು ಹಿರಿಯರಿಲ್ಲದವರು, ಹೇಳುವವರು ಕೇಳುವವರು ಇಲ್ಲದವರು ಎಂದು ತಳ್ಳಿಬಿಟ್ಟಿದ್ದರು. ಬಾಯಿಪಾಠದ ಮೊದಲ ಸಾಲೇ ಅವರನ್ನು ಹೊರಗಿಡುವುದು. ಅದರಿಂದ ಅವರು ಯಾರ ಹುಡುಕಾಟಕ್ಕೂ ಸಿಗದೆ ಒಳಗೇ ಕೂತಿದ್ದರು.

ಅವರನ್ನೇ ಕೇಳಿನೋಡೋಣ ಎಂದೆ. ಹಾಕಿದ್ದ ಷರತ್ತುಗಳನ್ನೆಲ್ಲ ಅಳಿಸಿದೆ. ವಯಸ್ಸು ನಲವತ್ತರ ಒಳಗೆ, ಆ್ಯಂಡ್, ತಂದವರು ಸ್ವತಃ. ಇಷ್ಟೇ.

ಬಂದ ಹೆಸರುಗಳು ಕೈಬೆರಳ ಎಣಿಕೆಗಿಂತ ಕಡಿಮೆ. ಆದರೆ ಅವರ ನಿರೀಕ್ಷೆಯ ಜಾಗ ಓದಿದರೆ ಯಾರೋ ಎದುರು ನಿಂತು ಮಾತಾಡಿದಂತಿತ್ತು. ನನಗೆ ರಾತ್ರಿ ಪಾಳಿ ಇರುತ್ತದೆ, ಹೆದರದವರು ಬೇಕು ಎಂದೊಬ್ಬ. ಅಡುಗೆ ನನಗೇ ಬರುತ್ತದೆ ಎಂದೊಬ್ಬ. ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಶಿವರುದ್ರಸ್ವಾಮಿ ಎಂಬ ಮೂವತ್ತನಾಲ್ಕರವನು, ‘ನಾನು ಹೇಳಿದ್ದು ತಪ್ಪಾದರೆ ತಪ್ಪು ಎನ್ನುವವರಾಗಿರಬೇಕು’ ಎಂದು ಬರೆಸಿದ್ದ. ಮಂಗಳಗೌರಿ ಅದನ್ನು ಇನ್ನೊಮ್ಮೆ ಓದು ಎಂದಳು.

ಯಜಮಾನರು ಒಳಗೆ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಪರದೆ ನೋಡಿದರು, ಅವಳನ್ನು ನೋಡಿದರು, ಮುಖ ಕೆಂಪಾಯಿತು. ಮೊದಲನೇ ಸಂಬಂಧದ ಹುಡುಗರನ್ನು ಗಂಡ ಸತ್ತವಳಿಗೆ ತೋರಿಸಿದ್ದು ಗೊತ್ತಾದರೆ ನಾಳೆಯೇ ಜನ ಅರ್ಜಿ ವಾಪಸ್ಸು ತಗೊಂಡು ಹೋಗುತ್ತಾರೆ, ನಮ್ಮ ಜನದ ರೀತಿ ರಿವಾಜು ನಿನಗೇನು ಗೊತ್ತು ಎಂದು ನನ್ನ ಮೇಲೆ ರೇಗಿದರು. ಕಂಪ್ಯೂಟರು ಆರಿಸಿದ್ದು ಎಂದು ದಿನವೂ ಹೇಳುತ್ತೀರಿ, ಇವತ್ತು ಅದಕ್ಕೆ ಆರಿಸುವುದಕ್ಕೆ ಬಿಟ್ಟಿದ್ದೇನೆ, ಅಷ್ಟೇ ಎಂದೆ. ನನ್ನ ಬಾಯಿಂದ ಅಷ್ಟು ಜೋರಾಗಿ ಮಾತು ಬಂದದ್ದು ನನಗೇ ಆಶ್ಚರ್ಯ.

ಅವರು ಮಂಗಳಗೌರಿಯ ಕಡೆ ತಿರುಗಿದರು. “ಹೋಗವ್ವ, ಹೋಗಿ ಕೇಳು. ಇವರಲ್ಲಿ ಒಬ್ಬ ನಿನ್ನ ಒಪ್ಪಿದ್ರೂ ನಾನು ಮೀಸೆ ಬೋಳಿಸ್ಕೋತೀನಿ.”

“ಒಪ್ಪೋದು ಬುಡೋದು ಅವ್ರು ಮಾತ್ರವಾ ಸಾರ್?” ಎಂದು ಹೇಳಿ ಅವಳು ಸೆರಗು ಸರಿಮಾಡಿಕೊಂಡು ಇಳಿದು ಹೋದಳು.

ಭಾನುವಾರ ನಾವು ಗುಂಡ್ಲುಪೇಟೆ ಬಸ್ಸು ಹತ್ತಿದೆವು. ನಾನು, ಅವಳು, ಕಾವ್ಯಶ್ರೀ. ಗಂಡಿನ ಕಡೆಯವರು ಹೆಣ್ಣು ನೋಡಲು ಜೀಪು ತುಂಬ ಹೋಗುತ್ತಾರೆ, ನಾವು ಗಂಡು ನೋಡಲು ಸರ್ಕಾರಿ ಬಸ್ಸಲ್ಲಿ ನಿಂತುಕೊಂಡು ಹೋಗುತ್ತಿದ್ದೇವೆ ಎಂದು ಮಂಗಳಗೌರಿ ತೆರಕಣಾಂಬಿ ದಾಟುವವರೆಗೂ ತಮಾಷೆ ಮಾಡಿದಳು. ಹಾಡು ಹೇಳು ಅಂತಲೂ ಕೇಳಬೇಕು, ನಡೆದು ತೋರಿಸು ಅಂತಲೂ ಹೇಳಬೇಕು ಎಂದು ನಾನು ಸೇರಿಸಿದೆ. ಒಳಗೆ ಅವಳಿಗೆ ಹೆದರಿಕೆಯಿತ್ತು, ಅದು ನನಗೂ ಗೊತ್ತಿತ್ತು. ಮಗಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಮಗು ನೋವು ಎಂದು ಬಿಡಿಸಿಕೊಂಡಿತು.

ಶಿವರುದ್ರಸ್ವಾಮಿಯ ಅಂಗಡಿ ಊಟಿ ರಸ್ತೆಯಲ್ಲಿತ್ತು. ಮುಂಚೆಯೇ ಫೋನು ಮಾಡಿದ್ದೆ. ಕೈಯ ಗ್ರೀಸು ಒರೆಸಿಕೊಂಡು ಎದ್ದು ಬಂದವನು ಒಳ್ಳೆಯವನಂತೆಯೇ ಕಂಡ. ಪಕ್ಕದ ಮಲಯಾಳಿ ಅಂಗಡಿಯಿಂದ ಚಹಾ, ಕಾವ್ಯಶ್ರೀಗೆ ಬಾಳೆಹಣ್ಣಿನ ಬಜ್ಜಿ ತರಿಸಿದ. ಅವರಿಬ್ಬರೂ ಮಾತಾಡಿದ್ದು ಕೇಳಿ ನನಗೇ ಆಸೆಯಾಯಿತು. ಅಂಗನವಾಡಿಯ ಮಕ್ಕಳ ಬಗ್ಗೆ ಕೇಳಿದ. ಬೋರ್‌ವೆಲ್ ಬತ್ತಿದರೂ ಮೋಟಾರಿಗೇ ಬಯ್ಯುವ ರೈತರ ಬಗ್ಗೆ ಹೇಳಿದ. ಅವಳು ಬಾಯಿ ಬಿಟ್ಟು ನಕ್ಕಳು. ಗಂಡ ಸತ್ತವಳು ಎಂಬ ಮಾತಿಗೆ ಅವನು ಹುಬ್ಬನ್ನೂ ಏರಿಸಲಿಲ್ಲ. ಯಜಮಾನರ ಮೀಸೆ ಹೋಯಿತು ಎಂದೇ ನಾನು ಅಂದುಕೊಂಡೆ.

ಆಮೇಲೆ ಅವನು ಮಗುವಿನ ಕಡೆ ನೋಡಿ, ತುಸು ಹಿಂದು ಮುಂದು ನೋಡಿಕೊಂಡು ಹೇಳಿದ. “ಮಗೀನ ಒಂದೆಲ್ಡು ವರ್ಸ ನಿಮ್ಮಣ್ಣನ ಮನೇಲೇ ಬುಟ್ಟಿರಿ. ಆಮೇಕೆ ನೋಡನ.”

ಮಂಗಳಗೌರಿ ಚಹಾದ ಲೋಟ ಕೆಳಗಿಟ್ಟಳು. “ನೀವು ಯೋಳಿದ್ದು ತಪ್ಪು.”

ಅವನು ತಲೆ ತಗ್ಗಿಸಿದ. “ತಪ್ಪೇ ಇರ್ಬೋದು. ಆದ್ರೆ ನನ್ ಕೈಲಿ ಆಗಲ್ಲ, ಸುಳ್ಳು ಯೋಳಾಕೂ ಮನ್ಸಿಲ್ಲ.”

ಅವಳು ಉಳಿದ ಚಹಾ ಕುಡಿದಳು, ಬರುತ್ತೇವೆ ಎಂದು ಹೇಳಿ ಎದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. ಅವನು ಅವಳಿಗೆ ಇಷ್ಟವಾಗಿದ್ದ. ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಾನು ಆ ಮನುಷ್ಯನನ್ನು ಬಯ್ಯಲು ಶುರು ಮಾಡಿದೆ. ಅವಳು ಮೂಗು ಒರೆಸಿಕೊಂಡು ನನ್ನನ್ನು ತಡೆದಳು. ಅವನದೇನು ತಪ್ಪು, ಆ ಮಾತನ್ನು ನಾವು ಕೇಳೇ ಇರಲಿಲ್ಲವಲ್ಲ, ಕೇಳದ್ದಕ್ಕೆ ಉತ್ತರ ಎಲ್ಲಿಂದ ಬರುತ್ತೆ, ನೀನೇ ತಾನೆ ಹೇಳಿದ್ದು ಎಂದಳು.

“ಮಗೀಗೆ ಅಂತ ಒಂದು ಕಾಲಂ ಮಾಡು” ಎಂದಳು ಚಾಮರಾಜನಗರ ಬಂದಾಗ. “ಮಗು ನನ್ ಜೊತೇಲಿ, ಒಂದೇ ಮನೇಲಿ. ಹೂಂ ಅಂದ್ರೆ ಹೂಂ, ಇಲ್ಲಾಂದ್ರೆ ಇಲ್ಲ.”

ಮಾಡಿದೆ. ಯಜಮಾನರಿಗೆ ಹೇಳಿಯೇ ಮಾಡಿದೆ. ಗುಂಡ್ಲುಪೇಟೆಯ ಸಂಗತಿ ಕೇಳಿ ಅವರು ಮೀಸೆ ನೀವಿಕೊಂಡು ಖುಷಿಯಲ್ಲಿದ್ದರು, ಏನಾದರೂ ಮಾಡಿಕೋ ಎಂದರು. ತಾವೇ ಅರ್ಜಿ ತಂದಿದ್ದವರಿಗೆಲ್ಲ ಒಂದೊಂದು ಕಾರ್ಡು ಬರೆದೆವು, ಒಂದೇ ಪ್ರಶ್ನೆ. ಕೆಲವರು ಆಗುವುದಿಲ್ಲ ಎಂದು ನೇರವಾಗಿ ಬರೆದರು. ಒಬ್ಬ, ಗಂಡುಮಗುವಾಗಿದ್ದರೆ ಯೋಚಿಸುತ್ತಿದ್ದೆ ಎಂದು ಬರೆದ. ಆ ಕಾರ್ಡನ್ನು ಮಂಗಳಗೌರಿ ಓದಿ ಸ್ಟೌ ಹಚ್ಚುವುದಕ್ಕೆ ತಗೊಂಡು ಹೋದಳು. ಉಳಿದವರಿಂದ ಉತ್ತರವೇ ಇಲ್ಲ. ಖಾಲಿ ಇರುವುದನ್ನು ಒಪ್ಪಿಗೆ ಅಂದುಕೊಳ್ಳೋಣವೇ ಎಂದು ನಾನು ಆಸೆಯಿಂದ ಕೇಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಒಪ್ಪಿಗೆ ಅಂತ ಇಷ್ಟು ದಿನ ನನ್ನ ಲೆಕ್ಕ ಹಾಕಿದ್ದು ಸಾಲದೆ, ಅದೇ ಲೆಕ್ಕ ಇವರಿಗೂ ಹಾಕಬೇಕಾ ಎಂದು ಅವಳು ಗದರಿದಳು. ಖಾಲಿ ಎಂದರೆ ಇಲ್ಲ ಎಂದೇ ತುಂಬಿಸಿದೆ.

ಆ ಸೋಮವಾರ ಬಂದೇ ಬಂತು. ಗುರುಮಲ್ಲಯ್ಯ ಇಬ್ಬರು ಮಕ್ಕಳ ಜೊತೆ ಬಂದು ಬೆಂಚಿನಲ್ಲಿ ಕೂತರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಹೂವು. ಚನ್ನಬಸಪ್ಪ ಹೊಸ ಷರಟು ಹಾಕಿಕೊಂಡು ಬಾಗಿಲಿಗೂ ಬೆಂಚಿಗೂ ಓಡಾಡುತ್ತಿದ್ದ. ಮಂಗಳಗೌರಿ ಅಂಗನವಾಡಿಯಿಂದ ನೇರವಾಗಿ ಬಂದಳು, ನಿತ್ಯದ ಕಾಟನ್ ಸೀರೆಯಲ್ಲೇ, ಮಗಳನ್ನು ಕರೆದುಕೊಂಡು. ರೇಷ್ಮೆ ಸೀರೆ ಉಟ್ಟುಕೊಂಡು ಬಾ ಎಂದಿದ್ದೆನಲ್ಲ ಎಂದು ಅಣ್ಣ ಹಲ್ಲು ಕಡಿದ. ಮಗುವನ್ನು ಯಾಕೆ ತಂದೆ ಎಂದೂ ಕೇಳಿದ. ಅವಳು ಮಗಳನ್ನು ತನ್ನ ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡಳು.

ಯಜಮಾನರು ಗಂಟಲು ಸರಿಮಾಡಿಕೊಂಡು, ಈ ಸಂಬಂಧದಲ್ಲಿ ಯಾವ ಮನುಷ್ಯನ ಕೈವಾಡವೂ ಇಲ್ಲ, ಕಂಪ್ಯೂಟರ್ ಆರಿಸಿದ್ದು, ಅದಕ್ಕೆ ಪಕ್ಷಪಾತ ಗೊತ್ತಿಲ್ಲ ಎಂದು ಎಂದಿನ ಭಾಷಣ ಮಾಡಿದರು.

“ಅಂಗಾದ್ರೆ ಎಲ್ರ ಮುಂದೆ ಇನ್ನೊಂದ್ಸಲ ಕೇಳ್ಬುಡನ ಸಾರ್” ಎಂದಳು ಮಂಗಳಗೌರಿ. “ಈ ಸಲ ನಾನು ಕೇಳ್ತೀನಿ.”

ಯಜಮಾನರು ಸಿಕ್ಕಿಹಾಕಿಕೊಂಡರು. ಬೇಡ ಎಂದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಅವಳು ಗುರುಮಲ್ಲಯ್ಯನವರ ಎದುರು ಹೋಗಿ ನಿಂತು, ನನ್ನ ಮಗಳು ನಿಮ್ಮ ಮನೆಯಲ್ಲೇ, ನನ್ನ ಜೊತೆಯಲ್ಲೇ ಇರುತ್ತಾಳಾ ಎಂದು ಮರ್ಯಾದೆಯಿಂದಲೇ ಕೇಳಿದಳು. ದೊಡ್ಡ ಮಗ ಬಾಯಿ ಹಾಕಿ, ಮೈಸೂರಿನಲ್ಲಿ ಒಳ್ಳೆಯ ಹಾಸ್ಟೆಲು ನೋಡಿದ್ದೇವೆ ಎಂದ. ಅವಳು ಅವನ ಕಡೆ ತಿರುಗಲೂ ಇಲ್ಲ, ನಾನು ಕೇಳಿದ್ದು ಅವರನ್ನು ಎಂದಳು.

ಮುದುಕರು ಬಹಳ ಹೊತ್ತು ಹೆಗಲ ಟವಲಿನ ಅಂಚು ತಿರುವಿದರು. “ನಿಜ ಯೋಳ್ತೀನಿ ಕಣವ್ವ. ಆ ಅರ್ಜಿ ಬರ್ಸಿದ್ದೂ ಇವ್ರೇ. ಮನೇಲಿ ಬೇಯಿಸಿ ಹಾಕೋರಿಲ್ಲ, ಸೊಸೇರಿಗೆ ಪುರುಸೊತ್ತಿಲ್ಲ. ಈಗ ಮನೆ ನಡ್ಸೋರು ಮಕ್ಳು. ಅವ್ರು ಆಗಲ್ಲ ಅಂದ್ರೆ ಆಗಲ್ಲ.”

ಅವಳು ನನ್ನ ಕಡೆ ನೋಡಿದಳು. ನಾನು ಗುರುಮಲ್ಲಯ್ಯನವರ ಸಾಲಿನಲ್ಲಿ ಮಗುವಿನ ಕಾಲಂಗೆ ‘ಇಲ್ಲ’ ಎಂದು ತುಂಬಿದೆ. ಆಮೇಲೆ ಅವಳು ಒಂದೊಂದೇ ಹೇಳಿದಳು, ನಾನು ಒಂದೊಂದೇ ಒತ್ತಿದೆ. ಮೊದಲನೆಯದೋ ಎರಡನೆಯದೋ, ಯಾವ ಸಂಬಂಧವಾದರೂ ಸೈ. ವಯಸ್ಸು ನಲವತ್ತರ ಒಳಗೆ. ತಂದವರು ಸ್ವತಃ. ಕೆಲಸ ಬಿಡು ಎನ್ನದವರು. ಮಗು ಜೊತೆಯಲ್ಲಿ, ಹೂಂ. ಅವಳ ದನಿ ಎಲ್ಲೂ ಅಲುಗಲಿಲ್ಲ. ಎಂಟರ್ ಒತ್ತಿದೆ.

ಸೊನ್ನೆ ಎಂದು ಬಂತು. ಒಂದು ಹೆಸರೂ ಇಲ್ಲ.

ಬ್ಯೂರೋ ಶುರುವಾದಾಗಿನಿಂದ ಯಾವ ಹೆಣ್ಣಿಗೂ ಯಜಮಾನರು ಸೊನ್ನೆ ತೋರಿಸಿರಲಿಲ್ಲ. ಯಾರನ್ನಾದರೂ ಒಬ್ಬರನ್ನು ತುರುಕಿಯೇ ಕಳಿಸುತ್ತಿದ್ದರು. ಅವರು ಬಗ್ಗಿ ನನ್ನ ಕಿವಿಯಲ್ಲಿ, ಒಂದೆರಡು ಷರತ್ತು ತೆಗೆದು ಒತ್ತು, ಬೇಗ ಎಂದು ಪಿಸುಗುಟ್ಟಿದರು. ನನಗೆ ತಡೆಯಲಾಗಲಿಲ್ಲ. ಕೀಬೋರ್ಡಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

“ಯಾವ್ದು ತಗೀಲಿ ಸಾರ್? ಮಗೀನ ತಗೀಲಾ?”

ಕಾವ್ಯಶ್ರೀ ಅಮ್ಮನ ಸೆರಗು ಹಿಡಿದುಕೊಂಡು ನಮ್ಮೆಲ್ಲರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಯಜಮಾನರು ನೆಟ್ಟಗಾಗಿ, ಕನ್ನಡಕ ತೆಗೆದು ಒರೆಸತೊಡಗಿದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಎನ್ನುತ್ತಾರೆಂದು ನನಗೆ ಖಾತ್ರಿಯಾಯಿತು. ಅನ್ನಲಿ ಅನ್ನಿಸಿತು.

ಚನ್ನಬಸಪ್ಪನಿಗೆ ಮಾತ್ರ ಧೈರ್ಯ ಬಂದಿತ್ತು. ಪರದೆಯನ್ನು ತೋರಿಸಿ, “ನೋಡ್ದಾ ಗೌರಿ? ಅಷ್ಟೆಲ್ಲ ಕೇಳಿದ್ರೆ ಇದೇ ಆಗೋದು. ಯಾರೂ ಇಲ್ಲ ಅಂತದೆ” ಎಂದ.

“ನೋಡ್ದೆ ಅಣ್ಣ.” ಅವಳು ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನು ಗುರುಮಲ್ಲಯ್ಯನವರ ಕಡೆಗೆ ಮೆಲ್ಲಗೆ ಸರಿಸಿದಳು. “ಯಾರೂ ಇಲ್ಲ. ಇವ್ರೂ ಇಲ್ಲ.”

ಗುರುಮಲ್ಲಯ್ಯ ಹೆಗಲ ಟವಲು ಸರಿಮಾಡಿಕೊಂಡು ಎದ್ದರು. ಮಕ್ಕಳು ಏನೋ ಹೇಳಲು ಹೋದರೆ ಸುಮ್ಮನಿರಿ ಎಂದು ಕೈ ಅಡ್ಡ ಹಿಡಿದರು. ಮೂವರೂ ಮೆಟ್ಟಿಲು ಇಳಿದು ಹೋದರು. ಆಮೇಲೆ ಚನ್ನಬಸಪ್ಪ ಬೆಂಚಿನ ಮೇಲೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರಿತ್ತು. ಸಿಟ್ಟಿಗೋ ಹೆದರಿಕೆಗೋ ಗೊತ್ತಿಲ್ಲ.

“ಇಂಗೇ ಒಬ್ಳೇ ಇದ್ಬುಡ್ತೀಯೇನವ್ವ?” ಎಂದ.

“ಇವತ್ತಿಗೆ ಇಂಗೇ” ಎಂದಳು ಮಂಗಳಗೌರಿ. ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ನನ್ನ ಕಡೆ ತಿರುಗಿದಳು. “ಹೊಸ ಅರ್ಜಿ ಬತ್ತಾನೇ ಇರ್ತವಲ್ಲಮ್ಮಿ. ತಿಂಗ್ಳು ಬುಟ್ಟು ಬತ್ತೀನಿ. ಇದ್ನೇ ಕೇಳು. ಒಂದೂ ಕಮ್ಮಿ ಮಾಡ್ಬೇಡ.”